ಹನ್ನೊಂದನೆಯ ಹಾಳೆ

ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಗಿ ಮೂರನೆಯ ವರ್ಷ ನಡೆಯುತ್ತಿತ್ತು. ಆಗ, ೧೯೫೧ರಲ್ಲಿ, ನಾನು ಯಾದಗಿರಿಯ ಡೆಪ್ಯುಟಿ ಕಲೆಕ್ಟರ್ ಕಚೇರಿಯ ಗೋಪ್ಯ ಶಾಖೆಯಲ್ಲಿ ಗುಮಾಸ್ತನಾಗಿದ್ದೆ. ಶಾಖೆ ಎಂದರೆ ದೊಡ್ಡದೇನಲ್ಲ. ಒಂದು ಮೇಜು, ಒಂದು ಕಬ್ಬಿಣದ ಕಪಾಟು ಮತ್ತು ನಾನು. ಇಪ್ಪತ್ನಾಲ್ಕನೆಯ ವಯಸ್ಸಿಗೆ ಆ ಕುರ್ಚಿ ಸಿಕ್ಕಿದ್ದಕ್ಕೆ ನನ್ನ ಜಾಣತನ ಕಾರಣವಲ್ಲ, ಕಾಲ ಕಾರಣ. ಕಚೇರಿಯ ಹಳೆಯ ಕಾಗದವೆಲ್ಲ ಉರ್ದುವಿನಲ್ಲಿತ್ತು. ಹೊಸ ಆದೇಶಗಳು ಇಂಗ್ಲಿಷಿನಲ್ಲಿ ಬರುತ್ತಿದ್ದವು. ಜನ ಆಡುತ್ತಿದ್ದದ್ದು ಕನ್ನಡ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಉರ್ದು ಶಾಲೆಯಲ್ಲಿ ಓದಿ, ಅಷ್ಟಿಷ್ಟು ಇಂಗ್ಲಿಷ್ ಕಲಿತಿದ್ದ ನನ್ನಂಥವರು ಬೆರಳೆಣಿಕೆಯಷ್ಟು ಮಂದಿ ಇದ್ದರು. ನಮ್ಮ ಸಾಹೇಬರು, ಅಂದರೆ ಡೆಪ್ಯುಟಿ ಕಲೆಕ್ಟರು, ಮದ್ರಾಸ್ ಕಡೆಯಿಂದ ಬಂದವರು. ಅವರಿಗೆ ಉರ್ದು ಬಾರದು, ಕನ್ನಡವನ್ನು ತಡವರಿಸಿಕೊಂಡು ಆಡುತ್ತಿದ್ದರು. ಹೀಗಾಗಿ ಉರ್ದು ಕಾಗದ ಯಾವುದೇ ಬರಲಿ, ಮೊದಲು ನನ್ನ ಮೇಜಿಗೆ ಬರುತ್ತಿತ್ತು.

ಉಳುವ ಕೌಲುದಾರನನ್ನು, ಅಂದರೆ ಗೇಣಿದಾರನನ್ನು, ಮನಸ್ಸಿಗೆ ಬಂದಂತೆ ಹೊಲದಿಂದ ಎಬ್ಬಿಸಬಾರದು ಎಂಬ ಕಾಯ್ದೆ ಬಂದು ಆಗಿನ್ನೂ ಹೊಸತು. ಅದರ ಸುದ್ದಿ ಸಿಕ್ಕ ಕೂಡಲೇ ಒಬ್ಬ ದೊಡ್ಡ ಜಮೀನ್ದಾರರು ತಮ್ಮ ಕೌಲುದಾರರನ್ನು ವಾಡೆಗೆ, ಅಂದರೆ ತಮ್ಮ ದೊಡ್ಡ ಮನೆಗೆ, ಕರೆಸಿ, ‘ನಾವು ಸ್ವಂತ ಖುಷಿಯಿಂದ ಹೊಲ ಬಿಟ್ಟಿದ್ದೇವೆ’ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಅವರ ಹೊಲಗಳು ಶಹಾಪುರ ಮತ್ತು ಸುರಪುರ ಎರಡೂ ತಾಲ್ಲೂಕುಗಳಲ್ಲಿ ಹರಡಿದ್ದವು. ಅವರ ಹೆಸರು ಇಲ್ಲಿ ಬೇಡ. ಮೊಮ್ಮಕ್ಕಳು ಒಳ್ಳೆಯವರಿದ್ದಾರೆ. ಇಷ್ಟು ಮಂದಿ ಒಟ್ಟಿಗೆ ಖುಷಿಪಟ್ಟು ಹೊಲ ಬಿಡುತ್ತಾರೆಂದು ನಮ್ಮ ಸಾಹೇಬರು ನಂಬಲಿಲ್ಲ. ವಿಚಾರಣೆಗೆ ಮುಂಚೆ ಗುಟ್ಟಾಗಿ ಹೇಳಿಕೆಗಳನ್ನು ಬರೆದುಕೊಂಡು ಬಾ ಎಂದು ನನ್ನನ್ನು ಕಳುಹಿಸಿದರು.

ನಮ್ಮಪ್ಪನ ಕಂಬಳಿ ಹೊದ್ದು, ಕುರಿ ಕೊಳ್ಳಲು ಬಂದವನಂತೆ ಹಳ್ಳಿ ಹಳ್ಳಿ ತಿರುಗಿದೆ. ಕುರಿಯ ಹಲ್ಲು ನೋಡುತ್ತ, ಬೆನ್ನು ಒತ್ತುತ್ತ ಜನರೊಂದಿಗೆ ಮಾತಿಗೆ ಕೂರುವುದು ನನಗೆ ಕಲಿಸಬೇಕಾದ ವಿದ್ಯೆಯಾಗಿರಲಿಲ್ಲ. ಹತ್ತೊಂಬತ್ತು ಮಂದಿ ಬಾಯಿ ಬಿಟ್ಟರು. ಒಬ್ಬೊಬ್ಬರ ಹೇಳಿಕೆಗೆ ಒಂದೊಂದು ಹಾಳೆ. ಪ್ರತಿ ಹಾಳೆಯನ್ನೂ ಮೂರು ಸಲ ಬರೆದು, ಮೂರಕ್ಕೂ ಹೆಬ್ಬೆಟ್ಟು ತೆಗೆದುಕೊಂಡೆ.

ಹನ್ನೊಂದನೆಯವಳು ಭೀಮವ್ವ. ಸುರಪುರದಿಂದ ಕೃಷ್ಣೆಯ ಕಡೆಗಿರುವ ಒಂದು ಹಳ್ಳಿಯವಳು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಗಂಡನೊಂದಿಗೆ ನಾಲ್ಕು ಎಕರೆ ಎರೆ ಹೊಲವನ್ನು ಕೌಲಿಗೆ ಮಾಡುತ್ತ, ಉಳಿದ ದಿನ ಕೂಲಿಗೆ ಹೋಗುತ್ತಿದ್ದಳು. ಉಳಿದವರೆಲ್ಲ ಸುತ್ತಿ ಬಳಸಿ ಹೇಳಿದ್ದನ್ನು ಅವಳು ನೇರವಾಗಿ ಹೇಳಿದಳು: ವಾಡೆಯಲ್ಲಿ ಯಾರು ಕೈ ಹಿಡಿದರು, ಯಾರು ಮಸಿ ಹಚ್ಚಿದರು, ಯಾರು ನಿಂತು ನೋಡಿದರು. ಅವಳ ಎಡಗೈ ಹೆಬ್ಬೆರಳಿಗೆ ಹಿಂದೊಮ್ಮೆ ಕುಡುಗೋಲು ತಾಗಿ, ಅಡ್ಡಕ್ಕೆ ಒಂದು ಗಾಯದ ಗೆರೆ ಉಳಿದಿತ್ತು. ಮಸಿ ಹಚ್ಚಿದ ಆ ಬೆರಳನ್ನು ಹಾಳೆಯ ಮೇಲೆ ಹಿಡಿದು ಅವಳು ತಡೆದಳು.

“ನನ್ನ ಹೆಸರು ಧಣಿ ಕಿವಿಗೆ ಬೀಳಂಗಿಲ್ಲ ಅಂತ ಹೇಳ್ರಿ ಸಾಹೇಬ್ರ. ಆಮ್ಯಾಲ ಒತ್ತತೀನಿ.”

“ಬೀಳಂಗಿಲ್ಲ ಬಿಡವ್ವಾ. ಇದು ನನ್ನ ಮಾತು,” ಎಂದೆ.

ಎಷ್ಟು ಸಲೀಸಾಗಿ ಹೇಳಿದೆನೆಂದು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಅವಳು ಒತ್ತಿದಳು.

ಮೂರು ಪ್ರತಿಗಳಲ್ಲಿ ಒಂದು ಯಾದಗಿರಿಯಲ್ಲಿ ಉಳಿಯಿತು. ಪಹಣಿಯೊಂದಿಗೆ ತಾಳೆ ನೋಡಲು ಒಂದು ಶಹಾಪುರ ತಹಸೀಲ್ ಕಚೇರಿಗೂ ಒಂದು ಸುರಪುರಕ್ಕೂ ಹೋದವು. ಪ್ರತಿ ಹಾಳೆಯ ತಲೆಯ ಮೇಲೆ ಹತ್ತೊಂಬತ್ತರಲ್ಲಿ ಒಂದು, ಹತ್ತೊಂಬತ್ತರಲ್ಲಿ ಎರಡು ಎಂದು ಸಂಖ್ಯೆ ಹಾಕಿದ್ದೆ. ಲಕೋಟೆಗೆ ಅರಗಿನ ಸೀಲ್ ಒತ್ತಿ, ಕೆಂಪು ಮಸಿಯಲ್ಲಿ ಉರ್ದುವಿನಲ್ಲಿ ‘ಗೋಪ್ಯ’ ಎಂದು ಬರೆದು, ಒಳಗೆ ಒಂದು ಅಚ್ಚಾದ ಸೂಚನಾ ಚೀಟಿ ಇಟ್ಟೆ. ಎರಡೂ ಕಡೆ ಅವನ್ನು ತೆಗೆದುಕೊಂಡವರು ಪೇಶ್ಕಾರರು. ಪೇಶ್ಕಾರನೆಂದರೆ ತಹಸೀಲ್ದಾರರ ಮುಂದೆ ಕಾಗದಗಳನ್ನು ಮಂಡಿಸುವ ಹಿರಿಯ ಗುಮಾಸ್ತ. ಶಹಾಪುರದಲ್ಲಿ ಅಬ್ದುಲ್ ಗಫೂರ್ ಸಾಹೇಬರು, ಸುರಪುರದಲ್ಲಿ ಮಾಣಿಕರಾವ್.

ವಿಚಾರಣೆಗೆ ಎಂಟು ದಿನ ಉಳಿದಿದ್ದಾಗ ಸುರಪುರದಿಂದ ಒಂದು ಸುದ್ದಿ ಬಂತು. ಜಮೀನ್ದಾರರ ಕಾರಭಾರಿ, ಅಂದರೆ ಅವರ ವಹಿವಾಟು ನೋಡುವವನು, ಸಂತೆಯ ದಿನ ಚಹಾದಂಗಡಿಯಲ್ಲಿ ಕೂತು ದೊಡ್ಡದಾಗಿ ಮಾತಾಡಿದ್ದನಂತೆ: “ಹತ್ತೊಂಬತ್ತು ಹೆಬ್ಬಟ್ಟಿನ್ಯಾಗ ಒಂದು ನಮ್ಮ ಕೈಯಾಗ ಅದ. ಉಳದ ಹದಿನೆಂಟೂ ಬರ್ತಾವ.”

ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು. ಹತ್ತೊಂಬತ್ತು ಎಂಬ ಸಂಖ್ಯೆ ಹಾಳೆಯನ್ನು ನೋಡಿದವರಿಗಲ್ಲದೆ ಬೇರೆಯವರಿಗೆ ತಿಳಿಯುವಂತಿರಲಿಲ್ಲ. ಯಾದಗಿರಿಯ ಪ್ರತಿ ಕಪಾಟಿನಲ್ಲಿ ಪೂರ್ತಿಯಾಗಿತ್ತು. ಹಾಗಾದರೆ ಉಳಿದೆರಡರಲ್ಲಿ ಒಂದು ಬಾಯಿ ತೆರೆದಿದೆ. ಪತ್ರ ಬರೆದರೆ ಉತ್ತರ ತಯಾರಿಸಲು ಅವರಿಗೆ ಸಮಯ ಸಿಗುತ್ತದೆ, ನೀನೇ ಹೋಗಿ ನೋಡು ಎಂದರು. ಯಾರ ಹೆಸರು ಹೊರಗೆ ಹೋಗಿದೆ ಎಂದು ನನಗೆ ಗೊತ್ತಿರಲಿಲ್ಲ. ಹತ್ತೊಂಬತ್ತು ಮುಖಗಳೂ ಒಂದೊಂದಾಗಿ ಕಣ್ಣ ಮುಂದೆ ಬಂದವು.

ಬಸ್ಸು ಹತ್ತಿ ಭೀಮೆ ದಾಟಿ ಶಹಾಪುರಕ್ಕೆ ಹೋದೆ. ಗಫೂರ್ ಸಾಹೇಬರು ನಮ್ಮ ಗೋಗಿಯವರೇ. ದಿನಾ ಸೈಕಲ್ ಮೇಲೆ ಶಹಾಪುರಕ್ಕೆ ಹೋಗಿಬರುತ್ತಿದ್ದರು. ಸೈಕಲ್ಲಿನ ಹಿಂದೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟು, ನಮ್ಮ ಕಡೆ ಅದಕ್ಕೆ ಬಸ್ತಾ ಅನ್ನುತ್ತಾರೆ, ಯಾವಾಗಲೂ ಇರುತ್ತಿತ್ತು. ಸಣ್ಣವರಿದ್ದಾಗ ಆ ಬಸ್ತಾ ಬರುವುದು ಕಂಡರೆ ನಾವು ಕುರಿಗಳನ್ನು ದಾರಿಯ ಪಕ್ಕಕ್ಕೆ ಹೊಡೆಯುತ್ತಿದ್ದೆವು. ನಿಜ ಹೇಳಬೇಕೆಂದರೆ, ಬಸ್ಸಿನಲ್ಲಿ ಕೂತಾಗ ನನ್ನ ಅನುಮಾನ ಅವರ ಮೇಲೆಯೇ ಇತ್ತು. ನಿಜಾಮರ ಕಾಲದ ನೌಕರ, ಹೊಸ ಸರ್ಕಾರ ಅವರಿಗೆ ಹಿಡಿಸಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಆ ದಿನಗಳಲ್ಲಿ ಹಾಗೆ ಯೋಚಿಸುವುದು ಬಹಳ ಸುಲಭವಾಗಿತ್ತು. ನಾನೂ ಸುಲಭದ ದಾರಿಯನ್ನೇ ಹಿಡಿದಿದ್ದೆ.

ಕಚೇರಿಯ ಕಬ್ಬಿಣದ ಕಪಾಟು ತೆಗೆಸಿದೆ. ಲಕೋಟೆ ಇರಲಿಲ್ಲ.

“ಪೇಶ್ಕಾರ್ ಸಾಹೇಬ್ರ, ಗೋಪ್ಯ ಲಕೋಟಿ ಎಲ್ಲದ?”

“ಮನ್ಯಾಗ ಅದ,” ಎಂದರು ಅವರು, ಒಂದು ಚಣವೂ ತಡೆಯದೆ.

“ಮನ್ಯಾಗ? ಕಚೇರಿ ಬಿಟ್ಟು ಹೊರಗ ಒಯ್ಯಬಾರದು ಅಂತ ಕಾಯ್ದಿ ಅದರಿ!”

ಐವತ್ತು ದಾಟಿದ ಆ ಮನುಷ್ಯ ನನ್ನನ್ನು ನಿಜವಾದ ಅಚ್ಚರಿಯಿಂದ ನೋಡಿದರು. “ಬೀರಪ್ಪಾ, ಮ್ಯಾಲ ಗೋಪ್ಯ ಅಂತ ನೀನಽ ಬರದಿ. ಗೋಪ್ಯದ ಕಾಗದ ಕಚೇರ್ಯಾಗ ಯಾರರ ಇಡತಾರೇನಪಾ? ಆ ಕಪಾಟದ ಕೀಲಿಕೈ ನೋಡು, ಎಲ್ಲಿ ತೂಗಾಡಾಕತ್ತದ.”

ಕೀಲಿಕೈ ತಹಸೀಲ್ದಾರರ ಕುರ್ಚಿಯ ಹಿಂದಿನ ಮೊಳೆಯಲ್ಲಿ ಎಲ್ಲರಿಗೂ ಕಾಣುವಂತೆ ನೇತಾಡುತ್ತಿತ್ತು.

ಇದು ನಮ್ಮ ಸೀಮೆಯ ಹಳೆಯ ರೂಢಿ. ಪಟವಾರಿಗಳ ಮನೆಯಲ್ಲಿ ಊರಿನ ಲೆಕ್ಕದ ದಫ್ತರ ತಲೆಮಾರುಗಳಿಂದ ಇರುತ್ತಿತ್ತು. ಅಕ್ಕಿ ಬೇಳೆ ಇಡುವ ಕೋಣೆಯಲ್ಲೇ ಅದಕ್ಕೂ ಒಂದು ಜಾಗ. ಪೇಶ್ಕಾರರೂ ಹಾಗೆಯೇ. ಕಚೇರಿ ಎಂದರೆ ನಾಲ್ಕು ಜನ ಬಂದು ಹೋಗುವ, ಎಲ್ಲರೂ ಎಲ್ಲವನ್ನೂ ಓದುವ ಜಾಗ. ಮುಚ್ಚಿಡಬೇಕಾದ್ದನ್ನು ಮನೆಗೆ ಒಯ್ಯುವುದೇ ಅವರ ಪ್ರಾಮಾಣಿಕತೆ. ಮೂವತ್ತು ವರ್ಷ ಗಫೂರ್ ಸಾಹೇಬರು ಅದನ್ನೇ ಮಾಡಿದ್ದರು, ಒಂದೇ ಒಂದು ಕಾಗದ ಹೆಚ್ಚು ಕಡಿಮೆಯಾಗಿರಲಿಲ್ಲ.

ಇಬ್ಬರೂ ಗೋಗಿಗೆ ಹೋದೆವು. ಒಳಕೋಣೆಯಲ್ಲಿ ಹೆಂಡತಿಯ ಮದುವೆಯ ಬಟ್ಟೆಗಳಿದ್ದ ಟ್ರಂಕಿನ ತಳದಿಂದ ಅವರು ಲಕೋಟೆ ತೆಗೆದರು. ಚಾಪೆಯ ಮೇಲೆ ಹರಡಿ ಎಣಿಸಿದೆ. ಹತ್ತೊಂಬತ್ತೂ ಇದ್ದವು. ಹೆಬ್ಬೆಟ್ಟುಗಳೂ ಸರಿಯಾಗಿದ್ದವು. ನನಗೆ ಅರ್ಧ ಜೀವ ಬಂದಂತಾಯಿತು. ಅಷ್ಟರಲ್ಲಿ ಅವರು ಅಚ್ಚಾದ ಸೂಚನಾ ಚೀಟಿಯನ್ನು ನನ್ನ ಮುಂದೆ ಹಿಡಿದರು.

“ಇದರಾಗ ಏನು ಬರದದ ಓದಿ ಹೇಳಪಾ. ನಮಗ ಇಂಗ್ಲಿಷ್ ಬರಂಗಿಲ್ಲ.”

ತಪ್ಪು ನನ್ನದಾಗಿತ್ತು. ಆ ಚೀಟಿಯನ್ನು ಉರ್ದುವಿಗೆ ಅನುವಾದಿಸಿ ಲಕೋಟೆಯೊಳಗೆ ಇಡು ಎಂದು ಸಾಹೇಬರು ನನಗೆ ಸ್ಪಷ್ಟವಾಗಿ ಹೇಳಿದ್ದರು. ನಾಳೆ ಬರೆದರಾಯಿತು ಎಂದುಕೊಂಡು, ಇಂಗ್ಲಿಷ್ ಚೀಟಿಯನ್ನೇ ತುರುಕಿ ಸೀಲ್ ಒತ್ತಿಬಿಟ್ಟಿದ್ದೆ. ಮೂರೇ ಸಾಲು: ಕಚೇರಿಯಿಂದ ಹೊರಗೆ ಒಯ್ಯಬಾರದು, ಬೇರೆಯವರಿಗೆ ತೋರಿಸಬಾರದು, ಕಳೆದರೆ ಅದೇ ದಿನ ವರದಿ ಮಾಡಬೇಕು. ಓದಿ ಹೇಳಿದೆ, ಇದನ್ನು ಉರ್ದುವಿನಲ್ಲಿ ಬರೆದು ಕಳುಹಿಸಬೇಕಾಗಿತ್ತೆಂದೂ ಹೇಳಿದೆ. ಎರಡನೆಯ ಸಾಲನ್ನು ಅವರು ಇನ್ನೊಮ್ಮೆ ಓದಿಸಿಕೊಂಡರು. ಹೆಂಡತಿ ತಂದಿಟ್ಟ ಚಹಾ ಆರಿತು.

“ನೀ ಕೇಳಿಲ್ಲ, ಆದ್ರೂ ಹೇಳತೀನಿ,” ಎಂದರು ಆಮೇಲೆ. “ಹದಿನೆಂಟು ದಿನದ ಹಿಂದ ಸುರಪುರದ ಮಾಣಿಕರಾವ್ ಇಲ್ಲಿಗೆ ಬಂದಿದ್ದ. ತನ್ನ ಪ್ರತಿಯಾಗ ಒಂದು ಹಾಳಿ ನೀರು ಬಿದ್ದು ಹಾಳಾಗ್ಯದ, ನಕಲು ಮಾಡಿಕೊಳ್ಳತೀನಿ ಅಂದ. ನಮ್ಮವನಽ ಪೇಶ್ಕಾರ, ಅವನ ಹತ್ರನೂ ಇದಽ ಲಕೋಟಿ ಅದ ಅಂತ ಕೊಟ್ಟೆ. ಇದಽ ಚಾಪಿ ಮ್ಯಾಲ ಕುಂತು ಬರಕೊಂಡು ಹೋದ.”

“ಯಾವ ಹಾಳಿ?”

“ಹನ್ನೊಂದನೇದು.”

ಭೀಮವ್ವ.

ಇದನ್ನು ಅವರು ಹೇಳದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಅವರ ಹತ್ತೊಂಬತ್ತು ಹಾಳೆ ಸರಿಯಾಗಿದ್ದವು. ‘ಮನೆಗೆ ಒಯ್ದಿದ್ದು ತಪ್ಪಾಯಿತು’ ಎಂದು ಕೈ ಮುಗಿದಿದ್ದರೆ ನಾನು ಅಲ್ಲಿಗೇ ಮುಗಿಸಿ ಎದ್ದಿರುತ್ತಿದ್ದೆ. ಕೇಳದಿದ್ದ ಎರಡನೆಯ ತಪ್ಪನ್ನು ಅವರೇ ತಮ್ಮ ಮೇಲೆ ಹಾಕಿಕೊಂಡರು. ಕಾಗದ ತರಿಸಿ, ನಡೆದದ್ದನ್ನೆಲ್ಲ ತಮ್ಮ ಕೈಯಿಂದಲೇ ಬರೆದು ಸಹಿ ಹಾಕಿಕೊಟ್ಟರು. ನಿವೃತ್ತಿಗೆ ಎರಡೇ ವರ್ಷವಿತ್ತು. ಆ ಸಹಿಯಿಂದ ನೌಕರಿ ಹೋಗಬಹುದೆಂದು ಅವರಿಗೂ ಗೊತ್ತಿತ್ತು, ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿಗೂ ಗೊತ್ತಿತ್ತು. ಬರೆದು ಮುಗಿಸಿ ಟೋಪಿ ಹಾಕಿಕೊಂಡರು.

“ನಡಿ, ಸುರಪುರಕ್ಕ ನಾನೂ ಬರತೀನಿ. ನನ್ನ ಮುಂದ ಇಲ್ಲ ಅನ್ನಲಿ ಅಂವ.”

ಮರುದಿನ ಬೆಳಿಗ್ಗೆ ಸುರಪುರದ ತಹಸೀಲ್ ಕಚೇರಿಗೆ ಹೋದೆವು. ಗಫೂರ್ ಸಾಹೇಬರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾನೊಬ್ಬನೇ ಒಳಗೆ ಹೋದೆ. ಮಾಣಿಕರಾವ್ ನಲವತ್ತರ ಆಸುಪಾಸಿನವರು, ಅಚ್ಚುಕಟ್ಟಾಗಿ ಉಡುಪು ಹಾಕಿದವರು, ಇಂಗ್ಲಿಷ್ ಬಲ್ಲವರು. ಲಕೋಟೆ ಕೇಳಿದೆ. ಕಪಾಟಿನಿಂದ ತೆಗೆದುಕೊಟ್ಟರು. ಹತ್ತೊಂಬತ್ತು ಹಾಳೆ, ಕ್ರಮವಾಗಿ, ಒಂದರ ಮೇಲೊಂದು.

“ನೋಡಕೊಳ್ರಿ. ನಮ್ಮ ಕಡೆ ಎಲ್ಲಾ ಕಾಯ್ದೆ ಪ್ರಕಾರ ಇರತದ,” ಎಂದರು.

ಹನ್ನೊಂದನೆಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬರವಣಿಗೆ ನನ್ನದರಂತೆಯೇ ಇತ್ತು. ಸಲಾಮು ಹೊಡೆಯಬೇಕು, ಅಷ್ಟು ಚೆನ್ನಾಗಿ ತಿದ್ದಿದ್ದರು. ಆದರೆ ಕೆಳಗಿನ ಹೆಬ್ಬೆಟ್ಟು ನುಣ್ಣಗಿತ್ತು. ಕುಡುಗೋಲಿನ ಗೆರೆ ಇರಲಿಲ್ಲ. ಜೋಳ ಕೊಯ್ದ ಬೆರಳು ಅದಾಗಿರಲಿಲ್ಲ.

“ಇದು ಭೀಮವ್ವನ ಹೆಬ್ಬಟ್ಟಲ್ಲ,” ಎಂದೆ.

ಮಾಣಿಕರಾವ್ ಮುಖದಲ್ಲಿ ಏನೂ ಬದಲಾಗಲಿಲ್ಲ. ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು. “ಹಂಗಂದ್ರ ಶಹಾಪುರದ ಮುದುಕನ ಕೆಲಸ ಇರಬೇಕ್ರಿ. ಅವರೆಲ್ಲ ಎಂಥವರು ಅಂತ ನಿಮಗೇನು ಹೇಳೋದು. ಬರದು ಕಳಸ್ರಿ, ಈಗಿನ ಕಾಲದಾಗ ಯಾರೂ ಎರಡನೇ ಮಾತು ಕೇಳಂಗಿಲ್ಲ.”

ಆ ಮಾತು ನಿಜವಾಗಿತ್ತು, ಅದಕ್ಕೇ ನನಗೆ ಸಿಟ್ಟು ನೆತ್ತಿಗೇರಿತು. ಹಿಂದಿನ ದಿನ ಬಸ್ಸಿನಲ್ಲಿ ನಾನು ಮನಸ್ಸಿನಲ್ಲಿ ಆಡಿಕೊಂಡ ಮಾತನ್ನೇ ಈ ಮನುಷ್ಯ ಬಾಯಿಬಿಟ್ಟು ಆಡುತ್ತಿದ್ದ. ಎದ್ದು ಹೋಗಿ ಗಫೂರ್ ಸಾಹೇಬರನ್ನು ಒಳಗೆ ಕರೆದೆ. ಮೇಜಿನ ಮೇಲಿದ್ದ ಮಸಿಯ ಪ್ಯಾಡನ್ನೂ ಒಂದು ಖಾಲಿ ಹಾಳೆಯನ್ನೂ ನಡುವೆ ಸರಿಸಿದೆ. ಹೈದರಾಬಾದಿನಲ್ಲಿ ಬೆರಳಚ್ಚು ತಜ್ಞರಿದ್ದಾರೆ, ಈ ಹಾಳೆ ಅವರ ಹತ್ತಿರ ಹೋಗುತ್ತದೆ, ಇದನ್ನು ಮುಟ್ಟಿದವರೆಲ್ಲ ಹೆಬ್ಬೆಟ್ಟು ಕೊಡಬೇಕು ಎಂದೆ.

“ಮೊದಲ ನಂದು ತಗೋ,” ಎಂದು ಗಫೂರ್ ಸಾಹೇಬರು ಎರಡೂ ಹೆಬ್ಬೆರಳು ಒತ್ತಿದರು. ಒತ್ತಿ, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡು, ಪ್ಯಾಡನ್ನು ಮಾಣಿಕರಾವ್ ಕಡೆ ತಳ್ಳಿದರು.

ಮಾಣಿಕರಾವ್ ಕೈಗಳು ಮೇಜಿನ ಕೆಳಗಿದ್ದವು. ಮೇಲೆ ಬರಲಿಲ್ಲ. ಹೊರಗೆ ಜವಾನ ಯಾರನ್ನೋ ಗದರುತ್ತಿದ್ದ.

“ನಂದಽ ಹೆಬ್ಬಟ್ಟು ರೀ,” ಎಂದರು ಕೊನೆಗೆ.

ಮೂರು ವಾರದ ಹಿಂದೆ, ಕೆಲಸ ಬೇಗ ಮುಗಿಸಲೆಂದು ಅವರೂ ಲಕೋಟೆಯನ್ನು ರಂಗಂಪೇಟೆಯ ತಮ್ಮ ಮನೆಗೆ ಒಯ್ದಿದ್ದರು. ಜಮೀನ್ದಾರರ ಕಾರಭಾರಿ ಹೆಂಡತಿಯ ಕಡೆಯಿಂದ ನೆಂಟ, ಮಾತಾಡಿಸಲು ಬಂದ. ಹಾಳೆಗಳನ್ನು ಪಡಸಾಲೆಯಲ್ಲಿ ಹರಡಿದ್ದಂತೆಯೇ ಬಿಟ್ಟು ಇವರು ಊಟಕ್ಕೆ ಎದ್ದರು. ತಿರುಗಿ ಬಂದಾಗ ನೆಂಟನೂ ಇರಲಿಲ್ಲ, ಹನ್ನೊಂದನೆಯ ಹಾಳೆಯೂ ಇರಲಿಲ್ಲ. ಹೋಗಿ ಕೇಳಿದರೆ ಅವನು ನಕ್ಕ, ಬಾಯಿ ಬಿಟ್ಟರೆ ನಿನ್ನ ನೌಕರಿಯೇ ಹೋಗುತ್ತದೆ ನೋಡು ಎಂದ. ಅಲ್ಲಿಂದ ಮುಂದೆ ನಕಲು, ಸುಳ್ಳು ಹೆಬ್ಬೆಟ್ಟು, ಮತ್ತೆ ಒತ್ತಿದ ಸೀಲ್.

“ಅವತ್ತಽ ಯಾಕ ಹೇಳಲಿಲ್ರಿ?” ಎಂದೆ.

“ಅಂಜಿದೆ.”

ಅದು ಸುಳ್ಳಲ್ಲವೆಂದು ಈಗಲೂ ನಂಬುತ್ತೇನೆ. ಮೊದಲ ದಿನ ಅವರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಮೊದಲ ದಿನದ ತಪ್ಪು ಗಫೂರ್ ಸಾಹೇಬರ ತಪ್ಪಿಗಿಂತ ಬಹಳ ದೊಡ್ಡದೂ ಆಗಿರಲಿಲ್ಲ. ಅದರ ಮೇಲೆ ಅವರು ಇಪ್ಪತ್ತೊಂದು ದಿನ ಕೂತರು.

ಅದೇ ಹಗಲು ಬಂಡಿ ಹೂಡಿಸಿಕೊಂಡು ಭೀಮವ್ವನ ಹಳ್ಳಿಗೆ ಹೋದೆ. ಬೇಡವೆಂದರೂ ಗಫೂರ್ ಸಾಹೇಬರು ಬಂಡಿ ಹತ್ತಿದರು. ಭೀಮವ್ವ ಗುಡಿಸಲ ಮುಂದೆ ಕೂತಿದ್ದಳು. ಒಳಗೆ ಗಂಡ ಮಲಗಿದ್ದ, ಬಲಗೈಗೆ ಬಿದಿರಿನ ಸೀಳು ಕಟ್ಟಿ ಬಟ್ಟೆ ಸುತ್ತಿತ್ತು. ಹತ್ತು ದಿನದ ಹಿಂದೆ ಹೊಲದ ದಾರಿಯಲ್ಲಿ ಜಮೀನ್ದಾರರ ಆಳುಗಳು ಮುರಿದಿದ್ದರು. ಆಮೇಲೆ ಊರಲ್ಲಿ ಯಾರೂ ಅವಳನ್ನು ಕೂಲಿಗೆ ಕರೆದಿರಲಿಲ್ಲ. ನನ್ನನ್ನು ನೋಡಿ ಅವಳು ಏಳಲಿಲ್ಲ.

“ನಿಮ್ಮ ಮಾತು ನಂಬಿ ಒತ್ತಿದ್ದೆ ಸಾಹೇಬ್ರ,” ಎಂದಳು.

ನಡೆದದ್ದನ್ನೆಲ್ಲ ಇದ್ದಂತೆ ಹೇಳಿದೆ. ಲಕೋಟೆಗಳು ಎರಡು ಊರಿಗೆ ಹೋದದ್ದು, ಹಾಳೆ ಕಳೆದದ್ದು, ಸುಳ್ಳು ಹೆಬ್ಬೆಟ್ಟು. ಅವಳು ಮಾತಿನ ನಡುವೆ ಬಾಯಿ ಹಾಕದೆ ಕೇಳಿದಳು.

“ಕಳದು ಎಷ್ಟು ದಿನ ಆತು?”

“ಮೂರು ವಾರ.”

“ಅವತ್ತಽ ಹೇಳಿದ್ರ ನಾವು ತವರಿಗೆ ಹೋಗಿ ಕುಂದರತಿದ್ದಿವಿ. ಇವನ ಕೈ ಉಳೀತಿತ್ತು.”

ಗಫೂರ್ ಸಾಹೇಬರು ಮುಂದೆ ಬಂದು ಟೋಪಿ ತೆಗೆದರು. “ನಕಲು ಮಾಡಾಕ ಹಾಳಿ ಕೊಟ್ಟಾಂವ ನಾನವ್ವಾ. ಅವತ್ತಽ ನನಗ ಅನುಮಾನ ಬರಬೇಕಾಗಿತ್ತು. ಬರಲಿಲ್ಲ.”

ಅವಳು ಅವರನ್ನು ಬಹಳ ಹೊತ್ತು ನೋಡಿದಳು. “ನೀವರ ಬಾಯಿ ಬಿಟ್ರಿ,” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. “ವಿಚಾರಣಿ ಯಾವತ್ತದ? ಹೆಸರಂತೂ ಹೋತು. ಈಗ ಮುಚ್ಚಿಡೋದೇನು ಉಳದದ? ನಾನಽ ಬಂದು ಧಣಿ ಮುಂದ ನಿಂತು ಬಾಯಿಲೆ ಹೇಳತೀನಿ.”

ಅವಳನ್ನೂ ಗಂಡನನ್ನೂ ಅದೇ ಬಂಡಿಯಲ್ಲಿ ಕರೆತಂದು ಯಾದಗಿರಿಯಲ್ಲಿ ಉಳಿಸಿದೆವು, ಕೈಗೆ ಆಸ್ಪತ್ರೆಯಲ್ಲಿ ಸರಿಯಾಗಿ ಕಟ್ಟು ಹಾಕಿಸಿದೆವು. ಹೋದದ್ದು ಒಂದೇ ಹಾಳೆ, ಉಳಿದ ಹದಿನೆಂಟು ಹೆಸರು ಹೊರಗೆ ಹೋಗಿಲ್ಲ ಎಂಬುದು ಈಗ ಖಚಿತವಾಗಿತ್ತು. ಮತ್ತೆ ಕಂಬಳಿ ಹೊದ್ದು ಹದಿನೆಂಟು ಮನೆಗೂ ಹೋದೆ. ನಡೆದದ್ದನ್ನು ಮುಚ್ಚಿಡದೆ ಹೇಳಿದೆ, ಹೆದರಿಕೆಯಾದರೆ ಬರಬೇಡಿ ಎಂದೂ ಹೇಳಿದೆ. ವಿಚಾರಣೆಯ ದಿನ ಅಷ್ಟೂ ಜನ ಬಂದರು. ಭೀಮವ್ವ ಮೊದಲು ನಿಂತಳು. ಜಮೀನ್ದಾರರ ಕಡೆ ಬೆರಳು ಮಾಡಿ, ವಾಡೆಯಲ್ಲಿ ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಅವಳ ಹಿಂದೆ ಹದಿನೆಂಟು ಮಂದಿ ಹೇಳಿದರು. ಹೊಲಗಳು ಅವರ ಕೈಯಲ್ಲೇ ಉಳಿದವು.

ಅದಾದ ಮೇಲೆ ಪೇಶ್ಕಾರರ ಮೇಲಿನ ವರದಿಯ ಸರದಿ. ಮೇಲಿನ ಕಚೇರಿಯಿಂದ ಬಂದಿದ್ದ ಒಬ್ಬ ಅಧಿಕಾರಿ ನಮ್ಮ ಸಾಹೇಬರಿಗೆ ಬಾಯಿಮಾತಿನಲ್ಲಿ ಸಲಹೆ ಕೊಟ್ಟುಹೋದರು: ಆ ಹಳೆಯ ಮುದುಕನನ್ನು ಕಳುಹಿಸಿಬಿಡಿ, ಇನ್ನೊಬ್ಬರಿಗೆ ಎಚ್ಚರಿಕೆ ಕೊಟ್ಟರೆ ಸಾಕು, ಕಾಗದ ಮನೆಗೆ ಒಯ್ದದ್ದು ಇಬ್ಬರೂ ತಾನೆ? ಸಾಹೇಬರು ಕೇಳಿಸಿಕೊಂಡರು. ಅವರು ಹೋದ ಮೇಲೆ ನನ್ನನ್ನು ಕರೆದು, ಕಾಯ್ದೆ ಒಂದೇ, ಮುರಿದದ್ದೂ ಇಬ್ಬರೂ, ವ್ಯತ್ಯಾಸವಿದ್ದರೆ ನೀನು ಬರೆದು ತೋರಿಸು, ಇಲ್ಲದಿದ್ದರೆ ನಾನೇನೂ ಮಾಡಲಾರೆ ಎಂದರು.

ಎರಡು ದಿನ ಕೂತು ಬರೆದೆ. ಗಫೂರ್ ಸಾಹೇಬರು ಕಾಗದವನ್ನು ಮನೆಗೆ ಒಯ್ದದ್ದು ಅದನ್ನು ಕಾಯಲು, ಅದು ತಪ್ಪೆಂದು ಅವರಿಗೆ ತಿಳಿದಿರಲಿಲ್ಲ. ಮಾಣಿಕರಾವ್ ಸೂಚನೆಯ ಚೀಟಿಯನ್ನು ಓದಬಲ್ಲವರು, ಓದಿಯೂ ಒಯ್ದರು. ಒಬ್ಬರು ಕೇಳಿದ್ದಕ್ಕೆ ಉತ್ತರ ಕೊಟ್ಟು, ಕೇಳದ್ದನ್ನೂ ಹೇಳಿ, ನಮ್ಮ ಜೊತೆ ಬಂಡಿ ಹತ್ತಿದರು. ಅವರಿಂದಾಗಿ ಹದಿನೆಂಟು ಮನೆ ಉಳಿದವು. ಇನ್ನೊಬ್ಬರು ಕಳೆದದ್ದನ್ನು ಮುಚ್ಚಲು ಸುಳ್ಳು ಸಾಕ್ಷ್ಯ ಹುಟ್ಟಿಸಿದರು, ಸಿಕ್ಕಿಬಿದ್ದಾಗ ಅಮಾಯಕನ ಮೇಲೆ ಹೊರಿಸಲು ನೋಡಿದರು. ಅವರಿಂದಾಗಿ ಒಬ್ಬನ ಕೈ ಮುರಿಯಿತು. ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ವರದಿ ಮುಗಿದಂತಿತ್ತು, ಆದರೆ ಮುಗಿದಿರಲಿಲ್ಲ.

ಹೇಳಿದ್ದರೂ ಚೀಟಿಯನ್ನು ನಾನು ಅನುವಾದಿಸದೆ ಕಳುಹಿಸಿದ್ದು ನನ್ನನ್ನು ಬಿಟ್ಟರೆ ಗಫೂರ್ ಸಾಹೇಬರಿಗೆ ಮಾತ್ರ ಗೊತ್ತಿತ್ತು. ತಮ್ಮ ಕೈಬರಹದ ಹೇಳಿಕೆಯಲ್ಲಿ ಅವರು ಅದನ್ನು ಬರೆದಿರಲಿಲ್ಲ. ಮರೆತಿರಲಿಲ್ಲ, ಬಿಟ್ಟಿದ್ದರು. ನಾನು ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮಾಣಿಕರಾವ್ ಬಗ್ಗೆ ನಾನೇ ಬರೆದ ಸಾಲುಗಳನ್ನು ಇನ್ನೊಮ್ಮೆ ಓದಿದೆ, ಅಂಜಿಕೆ ಎಂದರೇನೆಂದು ಆಗ ಚೆನ್ನಾಗಿ ತಿಳಿಯಿತು. ಕೊನೆಯಲ್ಲಿ ಒಂದು ಪ್ಯಾರಾ ಸೇರಿಸಿದೆ: ಮೊದಲ ತಪ್ಪು ಈ ವರದಿ ಬರೆಯುತ್ತಿರುವವನದು.

ಸಾಹೇಬರು ಅದನ್ನು ಎರಡು ಸಲ ಓದಿದರು. ಇದನ್ನು ನೀನು ಬರೆಯದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲವಲ್ಲ ಎಂದರು. ಹೌದು ಎಂದೆ. ಬೈದರು. ಚೆನ್ನಾಗಿಯೇ ಬೈದರು, ಸಿಟ್ಟು ಬಂದಾಗ ಅವರ ಕನ್ನಡ ತಡವರಿಸುತ್ತಿರಲಿಲ್ಲ. ಆಮೇಲೆ ವರದಿಗೆ ಸಹಿ ಹಾಕಿದರು.

ಮಾಣಿಕರಾವ್ ಮೊದಲು ಸಸ್ಪೆಂಡ್ ಆಗಿ, ವಿಚಾರಣೆಯ ನಂತರ ನೌಕರಿಯಿಂದ ವಜಾ ಆದರು. ಗಫೂರ್ ಸಾಹೇಬರ ಸರ್ವಿಸ್ ಪುಸ್ತಕದಲ್ಲಿ ಒಂದು ಎಚ್ಚರಿಕೆ ದಾಖಲಾಯಿತು, ಅವರು ತಮ್ಮ ಎರಡು ವರ್ಷ ಪೂರೈಸಿ ಗೌರವದಿಂದ ನಿವೃತ್ತರಾದರು. ಅದೇ ತಿಂಗಳು ನನ್ನ ಸರ್ವಿಸ್ ಪುಸ್ತಕದಲ್ಲೂ ಒಂದು ಎಚ್ಚರಿಕೆ ಬಿತ್ತು, ಅಕ್ಷರಕ್ಕೆ ಅಕ್ಷರ ಅದೇ. ಅದು ಇಂದಿಗೂ ಇದೆ. ಶಹಾಪುರದಲ್ಲಿ ಕಪಾಟಿನ ಕೀಲಿಕೈಯನ್ನು ಮೊಳೆಯಿಂದ ಇಳಿಸಿ, ಗಫೂರ್ ಸಾಹೇಬರ ಕೈಗೇ ಕೊಡಲಾಯಿತು.

ಜಮೀನ್ದಾರರು ಸುಮ್ಮನಾಗಲಿಲ್ಲ, ಮೇಲ್ಮನವಿ ಹಾಕಿದರು. ಮತ್ತೊಮ್ಮೆ ಹತ್ತೊಂಬತ್ತು ಹೇಳಿಕೆಗಳು ಬೇಕಾದವು. ಈ ಸಲ ಕಂಬಳಿ ಹೊದೆಯದೆ ಭೀಮವ್ವನ ಹಳ್ಳಿಗೆ ಹೋದೆ. ಅವಳು ಹೊಲದಲ್ಲಿದ್ದಳು, ಕುಡುಗೋಲನ್ನು ಬದುವಿನ ಮೇಲಿಟ್ಟು ಬಂದಳು. ಗಂಡ ಎಡಗೈಯಿಂದ ಜೋಳದ ಸೂಡು ಎತ್ತುತ್ತಿದ್ದ. ಬಲಗೈ ಕೂಡಿತ್ತು, ಆದರೆ ಸೊಟ್ಟಗೆ ಕೂಡಿತ್ತು. ಹೇಳಿಕೆ ಓದಿ ಹೇಳಿ ಮಸಿ ಮುಂದಿಟ್ಟೆ. ಅವಳು ಬೆರಳಿಗೆ ಮಸಿ ಹಚ್ಚಿಕೊಂಡು, ಹಿಂದಿನಂತೆಯೇ ಹಾಳೆಯ ಮೇಲೆ ಹಿಡಿದು ತಡೆದಳು.

“ಈ ಸಲ ಏನು ಮಾತು ಕೊಡತೀ, ತಮ್ಮಾ?”

ಸಾಹೇಬ್ರ ಎನ್ನಲಿಲ್ಲ.

“ಕಳಿಯಂಗಿಲ್ಲ ಅಂತ ಹೇಳಾಕ ನನ್ನ ಕೈಲಿ ಆಗಂಗಿಲ್ಲಕ್ಕಾ. ಕಪಾಟದಾಗ ಇಡತೀನಿ. ಕಳದ್ರ ಅವತ್ತಽ ಬಂದು ನಿನಗ ಹೇಳತೀನಿ,” ಎಂದೆ.

ಅವಳು ಸ್ವಲ್ಪ ಯೋಚಿಸಿ ಒತ್ತಿದಳು. ಅಡ್ಡಗೆರೆ ಸ್ಪಷ್ಟವಾಗಿ ಮೂಡಿತು.

ಆಮೇಲೆ ಮೂವತ್ತನಾಲ್ಕು ವರ್ಷ ನೌಕರಿ ಮಾಡಿದೆ. ಕಾಗದ ಕಳೆಯುವುದಿಲ್ಲ ಎಂಬ ಮಾತನ್ನು ಮತ್ತೆ ಯಾರಿಗೂ ಕೊಡಲಿಲ್ಲ. ಭೀಮವ್ವನಿಗೆ ಕೊಟ್ಟ ಮಾತನ್ನೇ ಎಲ್ಲರಿಗೂ ಕೊಟ್ಟೆ. ಎರಡು ಸಲ ಅದನ್ನು ನಡೆಸಬೇಕಾಗಿ ಬಂತು. ಎರಡು ಸಲವೂ ಅದೇ ದಿನ ಬಸ್ಸು ಹತ್ತಿ ಹೋಗಿ, ಮನೆ ಹುಡುಕಿ, ಬಾಗಿಲಲ್ಲಿ ನಿಂತು ಹೇಳಿ ಬಂದೆ.